ಉಳಿದ ಹೊತ್ತು ಯಾರದು?

ಸುಮಾ, ರಘು, ಹೋದ ವಾರ ಮದುವೆ ಮನೆಯಲ್ಲಿ ಯಾರೋ ನಿಮ್ಮ ತಾತನನ್ನು ‘ಸೋಮಾರಿ ರೈಟರ್’ ಎಂದರಂತೆ. ನೀವಿಬ್ಬರೂ ಮುಖ ಸಪ್ಪಗೆ ಮಾಡಿಕೊಂಡು ಬಂದಿರಿ. ಅಷ್ಟಕ್ಕೇ ಬೇಜಾರೇ? ಅವರು ಹೇಳಿದ್ದು ನಿಜ! ನಿಮ್ಮ ತಾತನಂಥ ಸೋಮಾರಿ ಕೊಡಗಿನಲ್ಲಿ ಇನ್ನೊಬ್ಬ ಇರಲಿಲ್ಲ. ಆದರೆ ಸೋಮಾರಿಯಾಗಲು ಆ ಮನುಷ್ಯ ಪಟ್ಟ ಪಾಡನ್ನು ಮೈಮುರಿದು ದುಡಿಯುವವರೂ ಪಟ್ಟಿರಲಿಕ್ಕಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನ್ನಿಂದ ಆಗದು. ಮದುವೆ ಮನೆಯಲ್ಲಿ ಕಂಬದ ಹಿಂದೆ ಕೂತು ಉಂಡು ಬರುವವಳು ನಾನು. ಕಾಗದದ ಮುಂದೆ ಮಾತ್ರ ನನಗೆ ನಾಚಿಕೆಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರೊಂದನ್ನು ಬರೆಯುವುದಿಲ್ಲ. ಬದುಕಿದ್ದಾಗ ಬಾಯಲ್ಲಿ ಹೇಳದ ಹೆಸರನ್ನು ಈಗ ಬರೆದರೆ ಎದ್ದು ಬಂದು ನಗುತ್ತಾರೆ!

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಮ್ಮ ಮಂತ್ರಿಗಳು ಮಡಿಕೇರಿಯಲ್ಲೇ ಇದ್ದರು. ಕುಶಾಲನಗರದ ಹತ್ತಿರದ ನಮ್ಮ ಹಳ್ಳಿಯಿಂದ ಮದುವೆಯಾಗಿ ನಾನು ಸುಂಟಿಕೊಪ್ಪದ ಮೇಲಿನ ಒಂದು ಕಾಫಿ ತೋಟಕ್ಕೆ ಬಂದೆ. ನಿಮ್ಮ ತಾತ ಅಲ್ಲಿ ರೈಟರ್. ಆಳುಗಳ ಹಾಜರಿ, ಹಣ್ಣಿನ ಅಳತೆ ಎಲ್ಲ ಅವರದೇ. ಮನೆಯಲ್ಲಿ ನಾವಿಬ್ಬರು, ಜೊತೆಗೆ ನಮ್ಮತ್ತೆ.

ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಏಳುತ್ತೇನೆ, ಅಡುಗೆ ಮನೆಯ ನೆಲದ ತುಂಬ ಬೂದಿ! ಸಾರಿಸಿದ ನೆಲದ ಮೇಲೆ ಯಾರೋ ತೆಳ್ಳಗೆ ಜರಡಿ ಹಿಡಿದಿದ್ದಾರೆ. ನಮ್ಮತ್ತೆ ಬಾಗಿಲಲ್ಲೇ ನಿಂತು ಎದೆ ಹಿಡಿದುಕೊಂಡರು.

“ಯಾರೋ ಮಾಟ ಮಾಡ್ಸವ್ರೆ ಕಣೇ! ಒಳಕ್ಕೆ ಕಾಲಿಡಬ್ಯಾಡ!”

“ಮಾಟ ಅಲ್ಲ ಕಣವ್ವ, ನಾನೇ ಹಾಕಿದ್ದು. ಇಬ್ರೂ ದಿನಾ ಮಾಡೋ ಹಂಗೇ ಕೆಲ್ಸ ಮಾಡಿ, ಗುಡಿಸ್ಬೇಡಿ” ಎಂದು ಹೇಳಿ ನಿಮ್ಮ ತಾತ ತೋಟಕ್ಕೆ ಹೋದರು. ಸಂಜೆ ಬಂದವರೇ ಲಾಟೀನು ಹಿಡಿದು ಮಂಡಿಯೂರಿ ನೆಲವನ್ನು ಓದತೊಡಗಿದರು. ಒಲೆಯಿಂದ ನೀರಿನ ಹಂಡೆಗೆ, ಹಂಡೆಯಿಂದ ಉಪ್ಪಿನ ಮರಿಗೆಗೆ ನನ್ನ ಹೆಜ್ಜೆಗಳು ಕಾಲುದಾರಿಯಂತೆ ಸವೆದಿದ್ದವು.

“ನೋಡು, ನೋಡು! ಇಷ್ಟು ನಡೆದಿದ್ರೆ ಇಷ್ಟೊತ್ತಿಗೆ ಪಿರಿಯಾಪಟ್ಟಣ ಸೇರಿರ್ತಿದ್ದೆ.”

“ಆಮೇಲೆ ಇಲ್ಲಿ ನಿಮಗೆ ರೊಟ್ಟಿ ತಟ್ಟೋರು ಯಾರು?” ಎಂದೆ. ಮದುವೆಯಾದ ಮೇಲೆ ನಾನು ಅವರಿಗೆ ಕೊಟ್ಟ ಮೊದಲ ಎದುರುತ್ತರ ಅದು. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಹಿಂದಕ್ಕೆ ಸರಿದು ಬೂದಿಯಲ್ಲಿದ್ದ ಬೆಕ್ಕಿನ ಹೆಜ್ಜೆಗಳ ಮೇಲೆ ಕೂತೇಬಿಟ್ಟರು!

ಮರುದಿನವೇ ಅಡುಗೆ ಮನೆ ಬುಡಮೇಲಾಯಿತು. ಹಂಡೆ ಒಲೆಯ ಪಕ್ಕಕ್ಕೆ ಬಂತು. ಉಪ್ಪು, ಮೆಣಸು, ಹುಣಸೆಹಣ್ಣು ಕರಟಗಳಲ್ಲಿ ಕೂತು ಸೂರಿನಿಂದ ನನ್ನ ಕೈಯಳತೆಗೆ ನೇತಾಡಿದವು. ನನ್ನ ಎತ್ತರ ಅವರ ಎತ್ತರ ಒಂದೇ ಅಲ್ಲವೆಂಬುದು ಮರೆತಿತ್ತೋ ಏನೋ, ಉಪ್ಪಿನ ಕರಟ ದಿನಾ ಅವರ ಹಣೆಗೆ ಬಡಿಯುತ್ತಿತ್ತು. “ಹೊತ್ತು ಉಳಿತಲ್ಲ!” ಎನ್ನುತ್ತ ಹಣೆ ಉಜ್ಜಿಕೊಳ್ಳುತ್ತಿದ್ದರು.

ಹೊತ್ತು ಉಳಿದದ್ದು ನಿಜ. ಸಂಜೆಯ ಕೆಲಸ ಮುಗಿದರೂ ಬಿಸಿಲು ಇನ್ನೂ ಅಂಗಳದಲ್ಲಿ ಇರುತ್ತಿತ್ತು. ನಮ್ಮತ್ತೆ ಅದನ್ನು ಕಂಡರು.

“ಮುಗೀತಾ? ಹಂಗಾರೆ ರಾಗಿ ಬೀಸು.”

“ಬ್ಯಾಡ ಕಣವ್ವ” ಎಂದರು ನಿಮ್ಮ ತಾತ. “ಉಳಿದ ಹೊತ್ತು ಉಳಿಸಿದೋರ್ದು. ಅವಳು ಕೂತ್ಕಳ್ಳಿ.”

“ಹಂಗಾರೆ ನಿನ್ನ ಹೆತ್ತು ಸಾಕಿದ ಹೊತ್ತು ಯಾರ್ದೋ?”

“ನಿಂದೇ. ನೀನೂ ಕೂತ್ಕೊ.”

ನಮ್ಮತ್ತೆ ಬೈಯುತ್ತಲೇ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಒಂದು ವಾರ ಬೈದುಕೊಂಡು ಕೂತರು. ಆಮೇಲೆ ಬೈಯದೆ ಕೂತರು. ಆಮೇಲೆ? ದೇವರೇ ಬಂದು ಕರೆದರೂ ಆ ಹೊತ್ತಿನಲ್ಲಿ ಅವರು ಏಳುತ್ತಿರಲಿಲ್ಲ!

ನಾನು ಮೊದಲ ದಿನ ಏನು ಮಾಡುವುದೆಂದು ತೋಚದೆ ನಿಮ್ಮ ತಾತನ ಅಂಗಿಗೆ ಗುಂಡಿ ಹಾಕಲು ಕೂತೆ. ಅವರು ಬಂದು ಅಂಗಿ ಕಸಿದುಕೊಂಡರು. “ಇದೂ ಕೆಲ್ಸಾನೇ. ಸುಮ್ನೆ ಕೂರೋದು ಕಲಿ.” ಸುಮ್ಮನೆ ಕೂರುವುದು ಎಷ್ಟು ಕಷ್ಟ ಗೊತ್ತೇ? ಕೊನೆಗೊಂದು ದಿನ, ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿ ಉಳಿದಿದೆಯೇ ನೋಡೋಣವೆಂದು ಅವರ ಪೆನ್ಸಿಲ್ ತುಂಡೊಂದನ್ನು ಎತ್ತಿಕೊಂಡೆ. ಅದನ್ನು ಮಾತ್ರ ಅವರು ಕಸಿದುಕೊಳ್ಳಲಿಲ್ಲ.

ಹಣ್ಣು ಕೊಯ್ಲು ಬಂತು. ನಿಮ್ಮ ತಾತನ ಕಣ್ಣು ಅಡುಗೆ ಮನೆಯಿಂದ ತೋಟಕ್ಕೆ ತಿರುಗಿತು. ತೋಟದಲ್ಲಿ ಬೂದಿ ಹಾಕಲಾದೀತೇ? ಅದಕ್ಕೇ ತಾವೇ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೆಂಗಸರ ಸಾಲಿಗೆ ನುಗ್ಗಿದರು. ಸ್ವಲ್ಪ ಹೊತ್ತಿಗೇ ಅಂಗಿ ಕಿತ್ತೆಸೆದು ಕುಣಿಯತೊಡಗಿದರಂತೆ.

“ರೈಟರಯ್ಯಾ, ನೀವು ಕಿತ್ತಿದ್ದು ಹಣ್ಣಲ್ಲ, ಕೆಂಜಿಗದ ಗೂಡು!” ಎಂದು ಪಳನಿಯಮ್ಮ ನೆಲಕ್ಕೆ ಕೂತು ನಕ್ಕಳಂತೆ. ತಮಿಳಿನ ಕಡೆಯವಳು. ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಹೆಂಗಸರಿಗೆಲ್ಲ ಅವಳೇ ಮುಂದಾಳು.

ಮೈಯೆಲ್ಲ ದದ್ದು ಎದ್ದರೂ ನಿಮ್ಮ ತಾತ ಒಂದು ವಿಷಯ ಕಂಡುಕೊಂಡು ಬಂದರು. ಹೆಂಗಸರು ಕೊಯ್ಯುವುದಕ್ಕಿಂತ ಹೊರುವುದೇ ಹೆಚ್ಚು. ಚೀಲ ತುಂಬಿದಾಗಲೆಲ್ಲ ಗುಡ್ಡ ಹತ್ತಿ ಕಣಕ್ಕೆ ಹೋಗಿ ಅಳತೆಗೆ ಸಾಲು ನಿಲ್ಲಬೇಕು. ಒಬ್ಬೊಬ್ಬರಿಗೆ ಇಷ್ಟು ಹಣ್ಣೆಂದು ಗೊತ್ತುಮಾಡಿದ ದಿನದ ಪಾಲು ಮುಗಿಯುವಷ್ಟರಲ್ಲಿ ಕತ್ತಲು. ಲೈನಿನಲ್ಲಿ ಮಕ್ಕಳು ಅತ್ತು ಅತ್ತು ಮಲಗಿರುತ್ತಿದ್ದವು. ಇವರು ಅಳತೆ ಪೆಟ್ಟಿಗೆಯನ್ನೇ ಕೆಳಗೆ ಗಿಡಗಳ ಬುಡಕ್ಕೆ ತರಿಸಿದರು. ಅಳೆದ ಹಣ್ಣನ್ನು ಎತ್ತಿನ ಗಾಡಿ ಒಯ್ಯುತ್ತಿತ್ತು. ಪಾಲು ಅಷ್ಟೇ, ಹಣ್ಣೂ ಅಷ್ಟೇ. ಆದರೆ ಹೆಂಗಸರು ಬಿಸಿಲಿರುವಾಗಲೇ ಲೈನಿಗೆ ಮರಳಿ, ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ತಲೆ ಬಾಚತೊಡಗಿದರು.

ಮ್ಯಾನೇಜರ್ ದೊರೆ ಮೊದಲು ಭೇಷ್ ಎಂದರು. ಮರುದಿನ ಅವರೂ ಬಿಸಿಲನ್ನು ಕಂಡರು, ನಮ್ಮತ್ತೆ ಕಂಡ ಹಾಗೆ! ನೇರವಾಗಿ ನಮ್ಮ ಮನೆಗೇ ಬಂದರು. ನಾನು ಪೆನ್ಸಿಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲ ಹಿಂದೆ ಸರಿದೆ. ನಮ್ಮತ್ತೆ ಕೂತಲ್ಲೇ ಕೂತಿದ್ದರು.

“ಏನಮ್ಮ, ಇಷ್ಟೊತ್ತಲ್ಲಿ ಕೆಲಸ ಇಲ್ವಾ?”

“ಮುಗ್ಸಿ ಕೂತೀವಿ ಸ್ವಾಮಿ. ನೀವು ಯಾವಾಗ ಕೂತ್ಕತೀರಿ?”

ಹಣೆ ಉಜ್ಜಿಕೊಳ್ಳುತ್ತ ನಿಮ್ಮ ತಾತ ಒಳಗಿನಿಂದ ಬಂದರು. ಆ ದಿನವೂ ಕರಟ ಬಡಿದಿತ್ತು.

“ರೈಟರೇ, ಬೇಗ ಮುಗೀತಿದೆ ಅಂದ್ರೆ ನಾಳೆಯಿಂದ ಪಾಲು ಜಾಸ್ತಿ ಮಾಡಿ” ಎಂದರು ದೊರೆ.

“ಆಗಲ್ಲ ಸಾರ್. ಉಳಿದ ಹೊತ್ತು ಉಳಿಸಿದೋರ್ದು.”

“ತೋಟ ಯಾರದು?”

“ತೋಟ ಧಣಿಗಳದು ಸಾರ್. ಹೊತ್ತನ್ನ ಅವರು ನೆಟ್ಟಿಲ್ವಲ್ಲ!”

ದೊರೆಯ ಮುಖ ಕಾಫಿ ಹಣ್ಣಿನಂತೆ ಕೆಂಪಾಯಿತು. “ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ” ಎಂದು ಹೇಳಿ ಹೋದರು. “ಕ್ವಾರ್ಟರ್ಸ್ ಬಿಡು ಅಂದ್ರೆ ಎಲ್ಲಿಗೆ ಹೋಗೋದು ರೀ?” ಎಂದೆ. ಅವರು ಮತ್ತೆ ಹಣೆ ಉಜ್ಜಿಕೊಂಡರು. ನಮ್ಮತ್ತೆ ಮಾತ್ರ, “ಕೂತ್ಕಳೇ, ಇನ್ನೂ ಬಿಸ್ಲು ಐತೆ” ಎಂದರು.

ಮರುದಿನ ಮೇಸ್ತ್ರಿ ಹೊಸ ಪಾಲು ಸಾರಿದ. ಪಳನಿಯಮ್ಮ ಮುಂದಾದಳು. ಪೆಟ್ಟಿಗೆ ಗಿಡದ ಬುಡದಲ್ಲೇ ಇದ್ದರೂ ಹೆಂಗಸರೆಲ್ಲ ಹಳೆಯ ಪದ್ಧತಿಯಂತೆ ಚೀಲ ಹೊತ್ತು ಗುಡ್ಡ ಹತ್ತಿದರು. ಹತ್ತಿ ಬಂದವಳೊಬ್ಬೊಬ್ಬಳೂ ದೊರೆಯ ಬಂಗಲೆಯ ಮುಂದೆ ನಿಂತು, “ಕುಂಬಿಡ್ರೇನ್ ದೊರೆ!” ಎಂದು ಕೈಮುಗಿಯುವಳು. ಇಳಿಯುವಾಗ ಇನ್ನೊಮ್ಮೆ. ಸಂಜೆಯೊಳಗೆ ದೊರೆಗೆ ಕೈಯೆತ್ತಿ ಎತ್ತಿ ತೋಳು ನೋವು! ಹೊಸ ಪಾಲಿರಲಿ, ಹಳೆಯ ಪಾಲೂ ತುಂಬಲಿಲ್ಲ. ಹಣ್ಣಾದರೋ ಗಿಡದಲ್ಲಿ ಕಾಯುತ್ತದೆಯೇ? ಉದುರತೊಡಗಿತು. ವಾರ ಕಳೆಯುವಷ್ಟರಲ್ಲಿ ಹಳೆಯ ಪಾಲೇ ಮರಳಿತು, ಬಿಸಿಲಿನ ಹೊತ್ತೂ ಮರಳಿತು.

ರೈಟರ್ ಕುರ್ಚಿ ಮಾತ್ರ ಮರಳಲಿಲ್ಲ. ನಿಮ್ಮ ತಾತನನ್ನು ನರ್ಸರಿಗೆ, ಕಾಫಿ ಸಸಿಗಳಿಗೆ ನೀರು ಹಾಕಿಸುವ ಕೆಲಸಕ್ಕೆ ಹಾಕಿದರು. ಮನೆಯೂ ಚಿಕ್ಕದಾಯಿತು. ಅಲ್ಲಿ ಸಸಿಗಳನ್ನೂ ಬೇಗ ಬೆಳೆಸಲು ಹೋದರು, ಅವು ಕೇಳಲಿಲ್ಲ! ಆಗಲೇ ಜನ ‘ಸೋಮಾರಿ ರೈಟರ್’ ಎಂದದ್ದು. ಅನ್ನಲಿ. ನೀವೇನನ್ನುತ್ತೀರಿ ಎಂದು ಪಳನಿಯಮ್ಮನ ಮಕ್ಕಳನ್ನು ಯಾರೂ ಕೇಳಲಿಲ್ಲವಲ್ಲ.

ಒಮ್ಮೆ ಆ ಚಿಕ್ಕ ಮನೆಯ ಮೆಟ್ಟಿಲ ಮೇಲೆ ಕೂತು ಕೇಳಿದೆ: “ಎಲ್ಲರಿಗೂ ಹೊತ್ತು ಉಳಿಸಿಕೊಟ್ರಿ. ನಿಮ್ಮ ಪಾಲಿಂದು ಎಲ್ಲಿ?”

ಅವರು ಅಂಗಳದ ಕಡೆ ನೋಡುತ್ತ ಹೇಳಿದರು: “ಚಿಕ್ಕಂದಿನಲ್ಲಿ ನಮ್ಮವ್ವ ಕೂತಿದ್ದು ನಾನು ನೋಡೇ ಇಲ್ಲ ಕಣೇ. ಈಗ ದಿನಾ ನೋಡ್ತೀನಿ. ನಿನ್ನೂ ನೋಡ್ತೀನಿ. ನಂಗೆ ಅಷ್ಟು ಸಾಕು.”

ನಿಮ್ಮಪ್ಪ ಹೈಸ್ಕೂಲಿನಲ್ಲಿದ್ದಾಗ ಅವರು ಹೋದರು. ಹದಿಮೂರನೇ ದಿನದ ಕಾರ್ಯ ಕಳೆದ ಮರುದಿನ, ಇಳಿಬಿಸಿಲಿನಲ್ಲಿ, ನಾನು ಹೋಗಿ ಮೆಟ್ಟಿಲ ಮೇಲೆ ಕೂತೆ. ನೆಂಟರು ಪಿಸುಗುಟ್ಟಿದರು. ಏಳಲಿಲ್ಲ. ಇಂದಿಗೂ ಆ ಹೊತ್ತಿಗೆ ನಾನು ಏಳುವುದಿಲ್ಲ. ಎಷ್ಟು ಕೂಗಿದರೂ ಅಜ್ಜಿ ಓಗೊಡುವುದಿಲ್ಲವೆಂದು ನಿಮ್ಮಮ್ಮ ದೂರುತ್ತಾಳಲ್ಲ, ಕಿವಿ ಚೆನ್ನಾಗಿಯೇ ಇದೆ ಎಂದು ಹೇಳಿ!

ಅವರು ಉಳಿಸಿಕೊಟ್ಟ ಹೊತ್ತಿನಲ್ಲೇ ಇಷ್ಟನ್ನೂ ಬರೆದಿದ್ದೇನೆ, ದಿನಕ್ಕಿಷ್ಟು. ಅವರ ದುಡಿಮೆಯಲ್ಲಿ ನನ್ನ ಕೈಗೆ ಬಂದದ್ದು ಇದೇ. ಈ ಹಾಳೆಗಳನ್ನು ಪೆಟ್ಟಿಗೆಯ ತಳದಲ್ಲಿ, ಗೆದ್ದಲು ಹಿಡಿಯದ ಹಾಗೆ, ಬಟ್ಟೆ ಸುತ್ತಿ ಇಡಿ ಮಕ್ಕಳೇ. ಓದಬೇಕೆನಿಸಿದರೆ ಕೆಲಸದ ನಡುವೆ ಓದಬೇಡಿ. ಕೂತು ಓದಿ.