ಸುಂದರವ್ವನ ಟಾವೆಲ್ಲೂ ಹೊಸ ಅಲೆಯ ರಾಕ್ ಹಾಡೂ

ರಾಕ್ ಸಂಗೀತದ ಹೊಸ ಅಲೆಯನ್ನು ಕಾಲು ಒದ್ದೆಯಾಗದಂತೆ ದಡದಲ್ಲಿ ಕುಳಿತೇ ಅಳೆಯಬಲ್ಲ ವಿಮರ್ಶಕ ಶಿರೋಮಣಿ ವಿರೂಪಾಕ್ಷ ಅವರಿಗೆ,

ಮಾನ್ಯರೇ, ಸಾಷ್ಟಾಂಗ ನಮಸ್ಕಾರ. ತಾವೂ ತಮ್ಮ ಲೇಖನಿಯೂ ತಾವು ಕಿವಿಗೆ ಏರಿಸಿಕೊಳ್ಳುವ ಆ ದೊಡ್ಡ ಹೆಡ್‌ಫೋನೂ ಕ್ಷೇಮವೆಂದು ನಂಬಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬ್ಯಾಂಡುಗಳಲ್ಲಿ ಹೆಸರು ಮಾಡಿದವರನ್ನು ಒಬ್ಬೊಬ್ಬರಂತೆ ಆರಿಸಿ ಕಟ್ಟಿದ ‘ಮಲಪ್ರಭಾ ಮಹಾಮೇಳ’ದ ಗಾಯಕಿ ನಾನು. ತಮ್ಮ ಜಾಲಪತ್ರಿಕೆಯ ವಿಮರ್ಶೆಯಲ್ಲಿ ನನ್ನ ಹೆಸರೇ ಇಲ್ಲದ್ದರಿಂದ ಈ ಪರಿಚಯ ಅಗತ್ಯವಾಯಿತು.

ನಮ್ಮ ‘ಸೇತುವೆ ಮ್ಯಾಲ ಸಿಗ್ನಲ್ ಇಲ್ಲ’ ಹಾಡನ್ನು ಧ್ವನಿಮುದ್ರಿಸಿದ ದಿನ ಬಂಧುಬಳಗವೆಲ್ಲ ಸ್ಟುಡಿಯೊದೊಳಗೇ ಬಂದು ಕುಳಿತಿತ್ತು. ಹಾಡು ಮೆಚ್ಚಿದವರು ಹಣವನ್ನೋ ಬಟ್ಟೆಯನ್ನೋ ಉಡುಗೊರೆ ಕೊಟ್ಟು ಆಯೇರಿ ಮಾಡುವುದು, ಮಾಡಿದ ಕೂಡಲೇ ಹಾಡು ನಿಲ್ಲಿಸಿ ಮೈಕಿನಲ್ಲಿ ಅವರ ಹೆಸರು ಕೂಗುವುದು ನಮ್ಮ ಕಡೆಯ ಪದ್ಧತಿ. ಸ್ಟುಡಿಯೊ ಎಂದು ಪದ್ಧತಿ ಬಿಡಲಾದೀತೇ? ನಾನು ದನಿ ಏರಿಸಿದ ಹೊತ್ತಿಗೆ ಸರಿಯಾಗಿ ಕೀಬೋರ್ಡಿನ ಶಟ್ಟೆಪ್ಪ ನನ್ನ ಮೈಕು ಕಿತ್ತುಕೊಂಡು, “ಮುನವಳ್ಳಿ ಸುಂದರವ್ವಾರು ಹಾಡಾಕಿಗೆ ಒಂದ್ ಟಾವೆಲ್ ಆಯೇರಿ ಮಾಡ್ಯಾರ್ರೀ! ದೇವ್ರು ಅವ್ರಿಗೆ ಚೊಲೋ ಮಾಡ್ಲಿ!” ಎಂದು ಕೂಗಿಬಿಟ್ಟ. ಸುಂದರವ್ವ ಅವನ ಅತ್ತೆಯಾದ್ದರಿಂದ ಅದನ್ನು ಅಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ತಾವು ಅದನ್ನು ‘ಹೊಸ ಅಲೆಯ ರಾಕಿನ ಪರಮೋಚ್ಚ ಕ್ಷಣ’ ಎಂದು ಬರೆದಿರಿ. ಸುಂದರವ್ವ ‘ಕಡಿದುಹೋದ ಸಂಪರ್ಕದ ರೂಪಕ’ವಾದರು, ಟಾವೆಲ್ಲು ‘ನಾಗರಿಕತೆಯ ಬೆವರಿನ ಸಾಕ್ಷಿ’ಯಾಯಿತು. ಎಂಥ ಸೂಕ್ಷ್ಮದೃಷ್ಟಿ! ಅದರಲ್ಲಿ ದಿನಾ ಮುಖ ಒರೆಸಿಕೊಳ್ಳುವ ನನಗೇ ಇದು ಹೊಳೆದಿರಲಿಲ್ಲ. ನನ್ನ ಹಾಡಿಕೆಯನ್ನು ಮಾತ್ರ ತಾವು ‘ಹಿನ್ನೆಲೆ ಸದ್ದು’ ಎಂದಿರಿ. ಓದಿ ಹೊಟ್ಟೆ ಉರಿದು ಅಂದು ಊಟ ಬಿಟ್ಟೆ.

ತಮ್ಮ ಕೃಪೆಯಿಂದ ಉಳಿದ ವಿಮರ್ಶಕರೂ ಟಾವೆಲ್ಲನ್ನೇ ಹೊಗಳಿದರು. ರಾಮದುರ್ಗದ ಕಾರ್ಯಕ್ರಮದಲ್ಲಿ ನಾನು ಬಾಯಿ ತೆರೆದೊಡನೆ ಜನ, “ಅಕ್ಕಾರ, ನೀವು ಸುಮ್ಕಿರ್ರಿ, ಟಾವೆಲ್ ಬರ್ಲಿ!” ಎಂದು ಸಿಳ್ಳೆ ಹೊಡೆದರು. ಈಗ ಶಟ್ಟೆಪ್ಪನೇ ಮುಖ್ಯ ಗಾಯಕ, ಸುಂದರವ್ವ ಕಲಾ ನಿರ್ದೇಶಕಿ. ನೇಸರಗಿಯ ಕಾರ್ಯಕ್ರಮದಲ್ಲಿ ಟಾವೆಲ್ಲನ್ನು ಮಡಚಿ ತಟ್ಟೆಯಲ್ಲಿಟ್ಟು ತರುವ ಕೆಲಸವನ್ನು ತಂಡ ನನಗೆ ಒಪ್ಪಿಸಿದೆ. ನನಗೆ ಹಾಡಬೇಕು, ಮಾನ್ಯರೇ. ಹಾಡಲೆಂದೇ ನಾನು ಓಡಾಡಿ ಈ ಮೇಳ ಕಟ್ಟಿದ್ದು.

ಆದ್ದರಿಂದ ತಾವು ದಯಮಾಡಿ ತಮ್ಮ ಹೊಗಳಿಕೆಯನ್ನು ಓದಿದವರ ತಲೆಯೊಳಗಿಂದ ಒಂದೊಂದಾಗಿ ಹೊರತೆಗೆದು, ಹಾಡನ್ನು ಒಮ್ಮೆಯೂ ಕೇಳಿಲ್ಲವೆಂಬಂತೆ ಮತ್ತೆ ಕೇಳಿ, ಗಾಯಕಿಯ ದನಿ ಕರ್ಣಕಠೋರವಾಗಿದೆ ಎಂದಾದರೂ ಒಂದು ಸಾಲು ಬರೆಯಬೇಕಾಗಿ ಪ್ರಾರ್ಥನೆ. ಆ ಹಾಡಿನಲ್ಲಿ ಹಾಡುವವಳೊಬ್ಬಳಿದ್ದಾಳೆಂದು ಜನಕ್ಕೆ ಗೊತ್ತಾದರೆ ಸಾಕು.

ತಮ್ಮ ವಿಶ್ವಾಸಿ,
ಹಿನ್ನೆಲೆ ಸದ್ದು

ವಿ.ಸೂ.: ಸುಂದರವ್ವನ ಅದೇ ಟಾವೆಲ್ಲನ್ನು ಒಗೆದು, ಇದರೊಂದಿಗೆ ತಮಗೆ ಆಯೇರಿಯಾಗಿ ಕಳಿಸಿದ್ದೇನೆ. ಪದ್ಧತಿ ತಮಗೀಗ ಗೊತ್ತೇ ಇದೆ: ಬರೆಯುತ್ತಿರುವ ವಿಮರ್ಶೆಯನ್ನು ಅಲ್ಲಿಗೇ ನಿಲ್ಲಿಸಿ, ಕೊಟ್ಟವರ ಹೆಸರು ಕೂಗಬೇಕು. ಬೈಲಹೊಂಗಲದ ನಾಗರತ್ನಾ.