ಮಾವನವರ ಫಟಫಟಿಗೆ ಹೊಲಿಸಿದ ಗವಸಣಿಗೆ

ಪರರ ವಸ್ತುವನ್ನು ಜೋಪಾನ ಮಾಡುವವರಲ್ಲಿ ಎರಡು ಜಾತಿ. ಮೊದಲನೆಯವರು ಅದನ್ನು ಇದ್ದಲ್ಲಿ ಇದ್ದ ಹಾಗೆ ಬಿಟ್ಟು ಸುಮ್ಮನಿರುತ್ತಾರೆ. ಎರಡನೆಯವರಿಗೆ ಅದಕ್ಕೊಂದು ಉಪಕಾರ ಮಾಡದೆ ಉಂಡ ಅನ್ನ ಕರಗುವುದಿಲ್ಲ. ನಾನು ಎರಡನೆಯ ಜಾತಿಯವನು. ನೆರೆಮನೆಯವರು ಯಾತ್ರೆಗೆ ಹೋಗುವಾಗ ನೋಡಿಕೊಳ್ಳಲೆಂದು ಕೊಟ್ಟ ಗಿಣಿಗೆ ಬರೀ ಕಾಳು ಹಾಕಿದ್ದರೆ ಸಾಕಿತ್ತು. ಪಾಪ, ಮೈ ಒಣಗಿದೆಯಲ್ಲ ಎಂದು ಎಣ್ಣೆಸ್ನಾನ ಮಾಡಿಸಿದೆ. ಗಿಣಿ ಸಾಯಲಿಲ್ಲ, ಆದರೆ ಮತ್ತೆ ಮಾತಾಡಲೂ ಇಲ್ಲ. ನೆರೆಮನೆಯವರೂ ಮಾತಾಡಲಿಲ್ಲ. ಇಷ್ಟಾದರೂ ನನಗೆ ಬುದ್ಧಿ ಬಂತೆಂದು ಯಾರೂ ತಿಳಿಯಬಾರದು. ಬಂದಿದ್ದರೆ ಇವತ್ತು ನನ್ನ ಬಾಗಿಲಲ್ಲಿ ಒಂದು ಫಟಫಟಿ ನಿಂತಿರುತ್ತಿತ್ತು.

ನಿಜಾಮರ ಸರಕಾರದಲ್ಲಿ ನಾನು ಕಮಲಾಪುರದ ಗಿರ್ದಾವರ. ಹಳ್ಳಿ ಹಳ್ಳಿ ತಿರುಗಿ ಹೊಲಗಳ ತಪಾಸಣೆ ಮಾಡುವ ನೌಕರಿ. ನನ್ನ ಮಾವನವರು ಕಲಬುರ್ಗಿಯಲ್ಲಿ ಹೆಸರಾದ ವಕೀಲರು. ಊರಲ್ಲಿ ನಾಲ್ಕೈದು ಫಟಫಟಿಗಳೂ ಇಲ್ಲದ ಆ ಕಾಲದಲ್ಲಿ ಅವರಲ್ಲಿ ಒಂದು ವಿಲಾಯತಿ ಫಟಫಟಿ, ಎಂದರೆ ಮೋಟಾರ್ ಸೈಕಲ್ಲು, ಇತ್ತು. ಅದರ ಪೆಟ್ರೋಲಿನ ಟಾಕಿ ಕನ್ನಡಿಯಂಥ ಕಪ್ಪು, ಅದರ ಅಂಚಿಗೆ ಕೂದಲೆಳೆಯಷ್ಟು ಸಣ್ಣ ಬಂಗಾರದ ಗೆರೆ. ಮಾವನವರು ಕಕ್ಷಿದಾರರ ಮಾತನ್ನು ನಂಬುತ್ತಿದ್ದರೋ ಇಲ್ಲವೋ, ಆ ಗೆರೆಯನ್ನು ದಿನಾ ಪಂಚೆಯ ಚುಂಗಿನಿಂದ ಒರೆಸುತ್ತಿದ್ದರು. ನಡು ನೋವು ಬಂದು ಡಾಕ್ಟರರು ಫಟಫಟಿ ಬಿಡಿಸಿದಾಗ, ಶ್ರಾವಣದಲ್ಲಿ ಅದನ್ನು ನನ್ನ ಕೈಗೆ ಕೊಟ್ಟು, "ದೀಪಾವಳಿ ತನಕ ಓಡಸ್ರಿ, ಆಮ್ಯಾಲ ನೋಡೋಣು" ಎಂದರು. ಅತ್ತೆಯವರು ಒಳಗೆ ಮಗಳ ಕಿವಿಯಲ್ಲಿ, "ಹೆಂಗ ಕೊಟ್ಟೀವಿ ಹಂಗ ಇದ್ರ, ಹಬ್ಬದ ಆಹೇರದಾಗ ಅಳಿಯಂದ್ರಿಗಿ ಅದನ್ನೇ ಕೊಡವ್ರು ಇದ್ದಾರ" ಎಂದು ಉಸುರಿದರು. ಪ್ರತಿವರ್ಷ ಆಹೇರವೆಂದು ಒಂದು ಜೋಡಿ ಧೋತರ ಕೊಟ್ಟು ಕಳಿಸುವ ಮನೆಯಿಂದ ಫಟಫಟಿ! ಅಂದು ರಾತ್ರಿ ನಾನು ಉಣ್ಣುವಾಗಲೂ ಬಾಯಲ್ಲಿ ಫಟಫಟ ಎನ್ನುತ್ತಿದ್ದೆನಂತೆ.

ಹೆಂಗ ಕೊಟ್ಟೀವಿ ಹಂಗ ಎಂದರೆ ಸಾಕೇ? ಕೊಟ್ಟದ್ದಕ್ಕಿಂತ ಚೆನ್ನಾಗಿ ತೋರಿಸಬೇಕೆಂಬ ಹಟ ಹತ್ತಿತು. ಬಿಸಿಲಿಗೆ ಸೀಟಿನ ಚರ್ಮ ಒಡೆಯಬಾರದೆಂದು ಗವಸಣಿಗೆ ಹೊಲಿಸಲು ಕಲಬುರ್ಗಿಯ ಮೋಮಿನಪುರದ ಖಾಸಿಂ ಚಾಚಾರ ಹತ್ತಿರ ಹೋದೆ. ಮೂರು ತಲೆಮಾರಿನಿಂದ ಕುದುರೆಗಳ ಜೀನು ಹೊಲಿಯುವ ಮನೆತನ. ನಾಲ್ಕು ಜನ ನೋಡಲಿ ಎಂದು ನಾನು ಅಂಗಡಿಯ ಮುಂದೆ ಎಂಜಿನ್ನು ನಿಲ್ಲಿಸದೆ, ಗುಡುಗಿಸುತ್ತಲೇ ಇಟ್ಟಿದ್ದೆ. ಚಾಚಾ ಅದರ ಸುತ್ತ ಒಂದು ಸಲ ತಿರುಗಿದರು. ಹಿಂಭಾಗಕ್ಕೆ ಬಂದಾಗ ಮಾತ್ರ ನಾಲ್ಕು ಮಾರು ದೂರ ಸರಿದೇ ನಡೆದರು. ಒದೆಯುವ ಪ್ರಾಣಿಗಳ ಅನುಭವ ಅವರಿಗಿತ್ತು. ಆಮೇಲೆ ಥರಥರ ನಡುಗುತ್ತಿದ್ದ ಸೀಟಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು.

"ಸಾಬ್, ಇದು ದಮ್ ತಗೋತದ. ಬಿಗಿ ಹೊಲದ್ರ ಬೆನ್ನು ಹುಣ್ಣಾಗ್ತದ. ಎಲ್ಲಾ ಕಡಿ ನಾಕು ನಾಕು ಬಟ್ಟು ಸಡಲ ಇಡಬೇಕು ನೋಡ್ರಿ."

ಕಬ್ಬಿಣಕ್ಕೆ ಎಲ್ಲಿಯ ಉಸಿರು, ಎಲ್ಲಿಯ ಹುಣ್ಣು ಎಂದು ಕೇಳಬೇಕಾದವನು ನಾನು. ಆದರೆ ನನ್ನ ಫಟಫಟಿಗೆ ಇಷ್ಟು ಮರ್ಯಾದೆಯೇ ಎಂದು ಉಬ್ಬಿಹೋಗಿ, "ಐದು ಬಟ್ಟು ಬಿಡ್ರಿ ಚಾಚಾ" ಎಂದೆ.

ಎಂಟು ದಿನಕ್ಕೆ ತಯಾರಾದದ್ದು ಗವಸಣಿಗೆಯಲ್ಲ, ದರ್ಬಾರು. ದಪ್ಪ ಕೆಂಪು ಬಟ್ಟೆ, ಚರ್ಮದ ಅಂಚು, ಎರಡೂ ಬದಿಗೆ ಟಾಕಿಯ ಅರ್ಧ ಮುಚ್ಚುವಷ್ಟು ಇಳಿಬಿದ್ದ ಸೆರಗು, ಸೆರಗಿಗೆ ಕುಚ್ಚು. ಕೂತರೆ ಅದು ಮುಂದಕ್ಕೆ ಜಾರುತ್ತಿತ್ತು, ನಿಲ್ಲಿಸಿದರೆ ನಾನೂ ಮುಂದಕ್ಕೆ ಜಾರುತ್ತಿದ್ದೆ. ಆದರೂ ಕಮಲಾಪುರದ ದಾರಿಯುದ್ದಕ್ಕೂ ಜನ ನಿಂತು ನೋಡಿದರು, ಅದೇ ಸಾಕಾಗಿತ್ತು. ಹದಿನೈದು ದಿನ ಹೀಗೆ ಮೆರೆದ ಮೇಲೆ ಮಹಾಗಾಂವದಲ್ಲಿ ನೀರು ಕುಡಿಯಲು ನಿಲ್ಲಿಸಿದಾಗ ಸೆರಗು ಎತ್ತಿ ನೋಡಿದೆ. ರಸ್ತೆಯ ಧೂಳು ಬಟ್ಟೆಯ ಕೆಳಗೆ ಕೂತು, ಸಡಿಲ ಸೆರಗು ಹೋಗುತ್ತ ಬರುತ್ತ ತಿಕ್ಕಿ ತಿಕ್ಕಿ, ಟಾಕಿಯ ಬಣ್ಣ ಅಂಗೈಯಗಲ ಎದ್ದು ತಗಡು ಇಣುಕುತ್ತಿತ್ತು. ಬಂಗಾರದ ಗೆರೆ ಒಂದು ಗೇಣು ಮಾಯವಾಗಿತ್ತು. ದೀಪಾವಳಿಗೆ ಇನ್ನು ಒಂದೂವರೆ ತಿಂಗಳು. ನನ್ನ ಫಟಫಟಿ ನನ್ನ ಕಣ್ಣೆದುರೇ ಮತ್ತೆ ಮಾವನವರದಾಗುತ್ತಿತ್ತು.

ಗವಸಣಿಗೆಯನ್ನು ತೆಗೆದು ಎಸೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತೆಗೆದರೆ ಗಾಯ ಕಾಣುತ್ತದಲ್ಲ! ಚಾಚಾರ ಹತ್ತಿರ ಓಡಿದೆ. ಅವರು ಗಾಯವನ್ನು ನೋಡಿ ನಿಜವಾಗಿಯೂ ಮರುಗಿದರು. "ಜೀನು ತಿಕ್ಯಾದ, ಪಾಪ. ಹೊಟ್ಟಿಪಟ್ಟಿ ಹಾಕಿ ಎಳದು ಕಟ್ಟೋಣು" ಎಂದು ಟಾಕಿಯ ಕೆಳಗಿನಿಂದ ಚರ್ಮದ ಪಟ್ಟಿ ಸುತ್ತಿ ಹಿತ್ತಾಳೆಯ ಕೊಂಡಿ ಬಿಗಿದರು. ಗವಸಣಿಗೆ ನಿಂತಿತು, ಕೊಂಡಿ ಮಾತ್ರ ಕುಣಿಯಿತು. ಕಮಲಾಪುರ ತಲುಪುವಷ್ಟರಲ್ಲಿ ಬಲಬದಿಯಲ್ಲಿ ನೇಗಿಲು ಹೊಡೆದಂತೆ ಹೊಸ ಗೆರೆಗಳು. ಮತ್ತೆ ಹೋದೆ. ಹುಣ್ಣಾದ ಬೆನ್ನಿಗೆ ಕಂಬಳಿ ಮೆತ್ತೆಯೇ ಮದ್ದು ಎಂದು ಒಳಗೆ ಕಂಬಳಿ ತುಂಡು ಹೊಲಿದರು. ಕಂಬಳಿ ದಾರಿಯ ಧೂಳನ್ನೆಲ್ಲ ಕುಡಿದು ಉಸುಕಿನ ಕಾಗದದ ಕೆಲಸ ಮಾಡಿತು. ಹಬ್ಬಕ್ಕೆ ಎರಡು ದಿನ ಇರುವಾಗ ಟಾಕಿಯಲ್ಲಿ ಬಣ್ಣ ಎಲ್ಲಿ ಉಳಿದಿದೆ ಎಂದು ಹುಡುಕಬೇಕಾಗಿತ್ತು.

ನನ್ನ ಹೆಂಡತಿ ಇಷ್ಟು ದಿನ ನಕ್ಕವಳು ಈಗ ಕರಗಿದಳು. ಕಾಡಿಗೆಯ ಡಬ್ಬಿ ತಂದು, ಹರಳೆಣ್ಣೆಯಲ್ಲಿ ಕಲಸಿ, ಟಾಕಿಗೆ ತಾನೇ ನುಣ್ಣಗೆ ಬಳಿದಳು. ಅರಿಸಿನದಲ್ಲಿ ಬಂಗಾರದ ಗೆರೆಯನ್ನೂ ಎಳೆದಳು. "ಅಪ್ಪಾಗ ಕಣ್ಣು ಮಂಜ ಆಗ್ಯಾವ್ರಿ. ಮುಟ್ಟಲಾರದಂಗ ನೋಡ್ಕೋರಿ ಅಷ್ಟೇ" ಎಂದಳು.

ಹಬ್ಬದ ಮುಂಜಾನೆ ಕಲಬುರ್ಗಿಯ ಮನೆಯ ಮುಂದೆ ನಿಲ್ಲಿಸಿದ್ದೇ ತಡ, ಮಾವನವರು ಬೆಳ್ಳಗಿನ ಧೋತರದಲ್ಲಿ ಹೊರಗೆ ಬಂದು, ನನ್ನನ್ನು ಮಾತಾಡಿಸುವ ಮೊದಲೇ ಫಟಫಟಿಯ ಟಾಕಿಯನ್ನು ಪ್ರೀತಿಯಿಂದ ಸವರಿದರು. ಆಮೇಲೆ ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಂಡರು. ಆರತಿ ಹಿಡಿದು ಬಂದ ಅತ್ತೆಯವರು ಹೊಸ್ತಿಲಲ್ಲೇ ನಿಂತು, "ಅಯ್ಯ, ಹಬ್ಬದಾಗ ಇದೇನ್ರೀ ನಿಮ್ಮ ಮಾರಿಗಿ ಮಸಿ!" ಎಂದರು. ಮಾವನವರು ತಮ್ಮ ಬೆರಳು ನೋಡಿದರು, ಮೂಸಿದರು, ಎರಡೇ ಬೆರಳಿನಿಂದ ಸೆರಗು ಎತ್ತಿ ನೋಡಿ, ಹಾಗೆಯೇ ಇಳಿಸಿದರು. ನಮ್ಮ ಕಡೆ ಅಳಿಯನಿಗೆ ಬೈಯುವ ಪದ್ಧತಿಯಿಲ್ಲ. ಅದರಲ್ಲೂ ಹಬ್ಬಕ್ಕೆ ಕರೆದ ಅಳಿಯನಿಗೆ. ಬೈದಿದ್ದರೆ ಬದುಕುತ್ತಿದ್ದೆ. ಅವರು ಹೋಳಿಗೆಯ ಮೇಲೆ ಮತ್ತೊಂದು ಹೋಳಿಗೆ ಹಾಕಿಸಿದರು.

ಸಂಜೆ ನನ್ನನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿ ಆಹೇರದ ತಾಟು ಮುಂದಿಟ್ಟರು. ಧೋತರದ ಕೆಳಗೆ ದಪ್ಪಗೆ ಏನೋ ಇತ್ತು. ಆಸೆಬುರುಕ ಮನಸ್ಸು ಆಗಲೂ ಒಮ್ಮೆ ಜಿಗಿಯಿತು. ಎತ್ತಿ ನೋಡಿದರೆ, ಒಗೆದು ಒಣಗಿಸಿ ಮಡಿಚಿಟ್ಟ ಗವಸಣಿಗೆ.

"ಇದರ ಮ್ಯಾಲ ನಿಮ್ಮದು ಭಾಳ ಜೀವ ಅದ ಅಂತ ಕಾಣ್ತದ್ರಿ ಅಳಿಯಂದ್ರ" ಎಂದರು ಮಾವನವರು, ನ್ಯಾಯಾಧೀಶರ ಮುಂದೆ ನಿಂತಷ್ಟೇ ಗಂಭೀರವಾಗಿ. "ಇದು ನಿಮ್ಮ ಹತ್ರಾನೇ ಇರ್ಲಿ. ಫಟಫಟಿ ನಮ್ಮ ಮನ್ಯಾಗ ನಾಕು ದಿನ ಸುಧಾರಿಸಿಕೊಳ್ಳಲಿ."

ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಮರುದಿನ ನಾವಿಬ್ಬರೂ ಕಮಲಾಪುರಕ್ಕೆ ಹೊರಟದ್ದು ಹೊರೆ ಬಂಡಿಯಲ್ಲಿ. ಬಂಡಿ ಹೊಡೆಯುವ ಮುದುಕ ನನ್ನ ತೊಡೆಯ ಮೇಲಿದ್ದ ಕೆಂಪು ಗಂಟು ನೋಡಿ, ಏನೆಂದು ಕೇಳಿ, ಬಿಡಿಸಿ, ಹಬ್ಬವಲ್ಲವೇ ಎಂದು ಎತ್ತಿನ ಮೇಲೆ ಹಾಕಿದ. ಎಲ್ಲೂ ಜಾರಲಿಲ್ಲ, ಎಲ್ಲೂ ತಿಕ್ಕಲಿಲ್ಲ. ಹೊಟ್ಟೆಪಟ್ಟಿಯ ಕೊಂಡಿ ಕೂಡ ಸರಿಯಾದ ತೂತಿಗೇ ಬಿತ್ತು. ಮುದುಕ ಹಿಂದೆ ಸರಿದು ನಿಂತು ಬೆರಗಾದ.

"ಏನ್ ಹೊಲದಾನ್ರೀ! ಯಾ ಎತ್ತಿನ ಅಳತಿ ಕೊಟ್ಟಿದ್ರಿ ಸಾಹೇಬ್ರ?"

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು, ನನ್ನ ಕಡೆ ಕಣ್ಣು ತೋರಿಸಿ, "ಇವರದೇ" ಎಂದಳು.