ಮಾಕಳಿ ಮೈದಾನದಿಂದ ಮಡಿಲಕ್ಕಿಗೆ

ನನ್ನ ಕೈಗೆ ಬಂದದ್ದು ಇನ್ನು ಈ ಜನ್ಮದಲ್ಲಿ ಕೆಳಗೆ ಬೀಳುವುದಿಲ್ಲ! ಹೀಗೆಂದು ಮಾಕಳಿಯ ಮೈದಾನದಲ್ಲಿ, ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಪ್ಯಾಡು ಬಿಗಿದುಕೊಂಡು, ಪೂರ್ವಾಭಿಮುಖವಾಗಿ ನಿಂತು ನಾನು ಘೋರ ಪ್ರತಿಜ್ಞೆ ಮಾಡಿದೆ. ಪುರಾಣ ಕಾಲದ ನಂತರ ಅಷ್ಟು ಘೋರವಾದದ್ದು ತುಮಕೂರು ರಸ್ತೆಯಲ್ಲಿ ನಡೆದಿರಲಿಕ್ಕಿಲ್ಲ. ದೇವತೆಗಳು ಹೂಮಳೆ ಸುರಿಸಲಿಲ್ಲ, ಬೇಲಿಯಾಚೆ ಮೇಯುತ್ತಿದ್ದ ಎಮ್ಮೆ ಮಾತ್ರ ಒಮ್ಮೆ ತಲೆಯೆತ್ತಿ ನೋಡಿತು.

ನಾನು ವನಜಾ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಮನೆ ಬಾಗಲಗುಂಟೆ. ಭಾನುವಾರ ಬೆಳಿಗ್ಗೆ ಅಮೆರಿಕನ್ ಫುಟ್‌ಬಾಲ್ ಆಡುತ್ತೇನೆ. ನಗಬೇಡಿ. ಸುತ್ತಲಿನ ಕಾರ್ಖಾನೆಗಳ ಹೆಂಗಸರೆಲ್ಲ ಸೇರಿ ಕಟ್ಟಿದ ತಂಡ ನಮ್ಮದು, ಹೆಸರು 'ತುಮಕೂರು ರೋಡ್ ರಾಣಿಯರು'. ಹೆಸರಿಗೆ ಫುಟ್‌ಬಾಲ್, ಕಾಲಿಗೂ ಚೆಂಡಿಗೂ ಮಾತುಕತೆಯೇ ಕಡಿಮೆ! ಸುಲಿದ ತೆಂಗಿನಕಾಯಿಯ ಆಕಾರದ ಒಂದು ಚೆಂಡು. ಅದನ್ನು ಎದೆಗವಚಿಕೊಂಡು ಎದುರು ತಂಡದ ಗಡಿ ದಾಟಬೇಕು. ಅವರು ಮೇಲೆ ಬಿದ್ದು ಕೆಡವುತ್ತಾರೆ. ಬಿದ್ದವಳು ಮಣ್ಣು ಕೊಡವಿಕೊಂಡು ಮತ್ತೆ ನಿಲ್ಲಬೇಕು. ಆಟ ಇಷ್ಟೇ, ಸಂಸಾರವೂ ಇಷ್ಟೇ ಎಂದು ನಮ್ಮ ಕೋಚ್ ಸೌಮ್ಯಾ ಹೇಳುತ್ತಾರೆ.

ನಾನು ಚೆಂಡು ಹಿಡಿದು ಓಡುವವಳು. ನನ್ನ ಮುಂದೆ ಅಡ್ಡ ನಿಂತು ದಾರಿ ಬಿಡಿಸುವವಳು ನೀಲಾಂಬಿಕಾ. ವಿಜಯಪುರದ ಕಡೆಯವಳು, ನಮ್ಮ ಮನೆಯ ಮೇಲಿನ ರೂಮಿನಲ್ಲೇ ಬಾಡಿಗೆಗಿದ್ದಾಳೆ, ಬಾಗಿಲಿಗೆ ನಿಂತರೆ ಬಾಗಿಲೇ ಬೇಡ. ಓಡಿ ಗೆದ್ದಾಗ ಚಪ್ಪಾಳೆಯೆಲ್ಲ ನನಗೆ, ಮೊಣಕೈ ಗಾಯವೆಲ್ಲ ಅವಳಿಗೆ. "ಓಡೋರು ಬೀದಿಗೊಬ್ಬರು ಸಿಗ್ತಾರೆ ವನಜಾ, ಅಡ್ಡ ನಿಂತ್ಕೊಳ್ಳೋರೇ ಸಿಗಲ್ಲ" ಎಂದು ಕೋಚ್ ಆಗಾಗ ನನ್ನ ಕಡೆ ನೋಡಿಯೇ ಅನ್ನುತ್ತಿದ್ದರು. ಪಾಪ, ಬೇರೆಯವರಿಗೆ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ.

ಮನೆಯಲ್ಲಿ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅತ್ತೆ ನಾಗಲಕ್ಷ್ಮಮ್ಮನವರಿಗೆ 'ಭಾನುವಾರ ಸ್ಟಾಕ್ ಎಣಿಸೋಕೆ ಹೋಗ್ಬೇಕು ಅತ್ತೆ' ಎಂದಿದ್ದೆ. ಜರ್ಸಿ, ಹೆಲ್ಮೆಟ್ಟು ಎಲ್ಲವನ್ನೂ ಟೆರೇಸಿನ ಮೇಲಿನ ಹಳೆಯ ನೀಲಿ ಡ್ರಮ್ಮಿನಲ್ಲಿ ತುರುಕಿ ಮುಚ್ಚಳ ಹಾಕುತ್ತಿದ್ದೆ. ಬೆವರಿನಲ್ಲಿ ನೆಂದ ಜರ್ಸಿ ಮುಂದಿನ ವಾರ ತೆಗೆದರೆ ಗಮ್ಮೆನ್ನುತ್ತಿತ್ತು, ಒಂದು ಸುಕ್ಕೂ ಇರುತ್ತಿರಲಿಲ್ಲ. ಆಹಾ, ಏನು ಕ್ವಾಲಿಟಿ ಬಟ್ಟೆ ಎಂದು ಬೆರಗಾಗುತ್ತಿದ್ದೆ!

ಯಜಮಾನರು ಶಶಿಕುಮಾರ್ ಒಮ್ಮೆ ನನ್ನ ತೋಳು ನೋಡಿ ಹೌಹಾರಿದರು. "ಏನೇ ಇದು, ಬದನೆಕಾಯಿ ಥರ ನೀಲಿಗಟ್ಟಿದೆ?"

"ಬಸ್ಸು ರೀ. ಜಾಲಹಳ್ಳಿ ಕ್ರಾಸಲ್ಲಿ ಸಿಕ್ಕಾಪಟ್ಟೆ ರಶ್ಶು."

"ಭಾನುವಾರವೂ?"

"ಭಾನುವಾರವೇ ಜಾಸ್ತಿ!"

ಅವರು ಮತ್ತೆ ಕೇಳಲಿಲ್ಲ. ಗಂಡನಿಗೆ ಮಂಕುಬೂದಿ ಎರಚಿದೆ ಎಂದು ನಾನು ಒಳಗೊಳಗೇ ಬೀಗಿದೆ.

ಯಾಕೆ ಮುಚ್ಚಿಟ್ಟೆ ಎಂದು ನೀವು ಕೇಳಬಹುದು. ಹೇಳಿಬಿಡುತ್ತೇನೆ. ಮದುವೆಯಾಗಿ ಎಷ್ಟೋ ವರ್ಷವಾಯಿತು, ನನಗೆ ಮಕ್ಕಳಿಲ್ಲ. ಯಾವ ಮದುವೆಗೆ ಹೋದರೂ, ಯಾವ ನಾಮಕರಣಕ್ಕೆ ಹೋದರೂ, ಎಲೆಯ ಮುಂದೆ ಕೂರುವ ಮೊದಲೇ ಒಬ್ಬರು 'ಏನಾದ್ರೂ ವಿಶೇಷವಾ?' ಎಂದು ನನ್ನ ಹೊಟ್ಟೆ ನೋಡುತ್ತಾರೆ. ಮೈದಾನದಲ್ಲಿ ಹಾಗಲ್ಲ. ಅಲ್ಲಿ ಎಲ್ಲರೂ ಕೇಳುವುದು ಒಂದೇ, 'ಚೆಂಡೆಲ್ಲಿ?' ಅದು ನನ್ನ ಹತ್ತಿರ ಇರುತ್ತಿತ್ತು. ಆ ಸುಖಕ್ಕೆ ಯಾರೂ ಕಣ್ಣು ಹಾಕಬಾರದು ಎನಿಸಿತ್ತು.

ಹೀಗಿರುವಾಗ ನಾದಿನಿ ಬಿಂದುಶ್ರೀಯ ಸೀಮಂತ ಗೊತ್ತಾಯಿತು. ಅವಳಿಗೆ ಹಿಂದೊಮ್ಮೆ ನಿಂತ ಬಸಿರು ಉಳಿದಿರಲಿಲ್ಲ. ಹಾಗಾಗಿ ಈ ಸಲ ಮನೆಯಲ್ಲಿ ಯಾರೂ ಗಟ್ಟಿಯಾಗಿ ಸೀನುತ್ತಲೂ ಇರಲಿಲ್ಲ. ಅವಳು ಎಲ್ಲರೆದುರಿಗೆ ಒಂದೇ ಮಾತು ಹೇಳಿದಳು. "ಮೊದಲ ಮಡಿಲಕ್ಕಿ ಅತ್ತಿಗೇನೇ ತುಂಬಬೇಕು. ಆಸ್ಪತ್ರೆಯಲ್ಲಿ ನನ್ನ ಜೊತೆ ಅಷ್ಟು ದಿನ ಕೂತಿದ್ದೋಳು ಅವಳು."

ಅವಳ ಗಂಡನ ದೊಡ್ಡಮ್ಮ ಗಂಗಹನುಮಕ್ಕ ತಕ್ಷಣ ಮೂಗು ಮುರಿದರು. "ಮಕ್ಕಳೊಂದಿಗಳು ತುಂಬೋದು ಕಣವ್ವ ಪದ್ಧತಿ. ಒಂದ್ ಕಿತ ಅನುಭವಿಸಿದ್ದು ಸಾಲ್ದಾ?"

ಅತ್ತೆ ತುಟಿ ಬಿಚ್ಚಲಿಲ್ಲ, ಸೊಪ್ಪು ಬಿಡಿಸುತ್ತಲೇ ಕೂತರು. ಅವರ ಆ ಮೌನ ನನ್ನನ್ನು ಚುಚ್ಚಿತು. ಆದರೂ ಬಿಂದು ಪಟ್ಟು ಬಿಡಲಿಲ್ಲ, ನಾನೂ ಒಪ್ಪಿದೆ. ಜೀವನದಲ್ಲಿ ಮೊದಲ ಸಲ ಒಬ್ಬಳ ಮಡಿಲಿಗೆ ಮೊದಲ ಕಾಯಿ ಇಡುವ ಕೈ ನನ್ನದಾಗಲಿತ್ತು. ಆ ರಾತ್ರಿ ಒಳಗೆ ಹೋಗಿ ಒಂದಿಷ್ಟು ಕಣ್ಣೀರು ಹಾಕಿದೆ.

ಆದರೆ ನಮ್ಮ ಗ್ರಹಚಾರ ನೋಡಿ, ಸೀಮಂತದ ಭಾನುವಾರವೇ ನಮ್ಮ ಫೈನಲ್ ಮ್ಯಾಚ್! ಬೆಳಗ್ಗೆ ಬೇಗ ಆಡಿ, ಗೆದ್ದು, ಹಾರ ಹಾಕಿಸಿಕೊಂಡು, ಮುಹೂರ್ತಕ್ಕೆ ಮುಂಚೆ ಮನೆ ಸೇರುವುದೆಂದು ನಾನು ಮಹಾ ವ್ಯೂಹ ರಚಿಸಿದೆ. 'ಅರ್ಜೆಂಟ್ ಸ್ಟಾಕು ಅತ್ತೆ, ಈಗ ಬಂದೆ' ಎಂದೆ. ಅತ್ತೆ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ "ಹೂಂ, ತಿಂಡಿ ತಿನ್ಕಂಡ್ ಓಗು, ಓಡಾಡೋ ಕೆಲ್ಸ" ಅಂದರು.

ಮ್ಯಾಚಿನ ಕಥೆ ಚಿಕ್ಕದು, ವ್ಯಥೆ ದೊಡ್ಡದು. ಕೊನೆಯ ಗಳಿಗೆ. ನೀಲಾಂಬಿಕಾ ಇಬ್ಬರನ್ನು ಎರಡು ಕಡೆಗೆ ಒತ್ತಿ ಹಿಡಿದು "ಓಡ್ರೀ ಅಕ್ಕಾರ!" ಎಂದು ಕೂಗಿದಳು. ಮುಂದೆ ಖಾಲಿ ಮೈದಾನ. ಚೆಂಡು ನನ್ನ ಕಡೆಗೆ ತೇಲಿ ಬಂತು. ಆಗ ಬದಿಯಲ್ಲಿ ಯಾರೋ ಮೊಬೈಲೆತ್ತಿ ವಿಡಿಯೋ ಮಾಡುತ್ತಿದ್ದರು. ನಾನು ಹೇಗೆ ಕಾಣುತ್ತಿದ್ದೇನೋ ಎಂದು ಒಂದೇ ಒಂದು ಸಲ ಆ ಕಡೆ ನೋಡಿದೆ. ಚೆಂಡು ನನ್ನ ಕೈ ತಾಗಿ, ಎದೆ ತಾಗಿ, ಘೋರ ಪ್ರತಿಜ್ಞೆ ಮಾಡಿದ ಅದೇ ಜಾಗದಲ್ಲಿ ನೆಲಕ್ಕೆ ಬಿತ್ತು. ನಾವು ಸೋತೆವು.

ನೀಲಾಂಬಿಕಾ ಬೈಯಲಿಲ್ಲ. "ಆತು ಬಿಡ್ರಿ, ಸೀಮಂತಕ್ಕ ಹೊತ್ತಾತು" ಎಂದು ಸ್ಕೂಟರ್ ಹತ್ತಿಸಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮನೆ ತಲುಪಿದಾಗ ವಾದ್ಯದ ಸದ್ದು ಕೇಳಿಸುತ್ತಿತ್ತು. ಹಿಂದಿನ ಮೆಟ್ಟಿಲಿಂದ ಹತ್ತಿ, ಬಟ್ಟೆಯನ್ನು ಡ್ರಮ್ಮಿಗೆ ಎಸೆದು, ರೇಷ್ಮೆ ಸೀರೆ ಸುತ್ತಿಕೊಂಡೆ. ಬಿಸಿಲಿನ ಝಳ ಕಣ್ಣಿಗೆ ಹೊಡೆಯದಿರಲೆಂದು ಆಟಗಾರರು ಕಣ್ಣಿನ ಕೆಳಗೆ ಕಪ್ಪು ಪಟ್ಟಿ ಬಳಿದುಕೊಳ್ಳುತ್ತಾರೆ. ಅದನ್ನು ಉಜ್ಜಿದಷ್ಟೂ ಕೆನ್ನೆಗೆ ಹಬ್ಬಿತು. ಮಂಡಿ ಊದಿದ್ದರಿಂದ ಮಂಡಿಯವರೆಗಿನ ಸಾಕ್ಸು ಬಿಚ್ಚಲು ಬರಲೇ ಇಲ್ಲ. ಸೀರೆಯೊಳಗೆ ಯಾರು ನೋಡುತ್ತಾರೆ ಎಂದು ಹಾಗೇ ಇಳಿದೆ. ಟೈಲ್ಸ್ ನೆಲಕ್ಕೂ ಸಾಕ್ಸಿಗೂ ಇರುವ ಹಗೆತನ ಆ ಕ್ಷಣಕ್ಕೆ ನೆನಪಾಗಲಿಲ್ಲ.

ಹಾಲ್ ತುಂಬ ಜನ. ಬಲೂನಿನ ಕಮಾನಿನ ಕೆಳಗೆ ಹಸಿರು ಸೀರೆಯುಟ್ಟು ಬಿಂದು ಕೂತಿದ್ದಳು. ನನ್ನನ್ನು ನೋಡಿದ್ದೇ ಅವಳ ಮುಖ ಅರಳಿತು. ನಾನು ಅಕ್ಕಿ, ಬಳೆ, ವೀಳ್ಯದೆಲೆ, ನಡುವೆ ತೆಂಗಿನಕಾಯಿ ಇದ್ದ ತಟ್ಟೆಯನ್ನೆತ್ತಿ ಹೊರಟೆ.

ಗಂಗಹನುಮಕ್ಕ ಎದ್ದು ಬಂದರು. "ಇತ್ಲಾಗ್ ಕೊಡವ್ವ. ನಾನು ತುಂಬ್ತೀನಿ. ನೀನು ಆಮ್ಯಾಕೆ ಅಕ್ಷತೆ ಹಾಕೀವಂತೆ."

"ಬಿಂದು ನನಗೆ ಹೇಳಿದ್ದಾಳೆ ದೊಡ್ಡಮ್ಮ."

"ಅವ್ಳು ಉಡ್ಗಿ, ಅವ್ಳಿಗೇನ್ ಗೊತ್ತಾಯ್ತದೆ!" ಎಂದವರೇ ಕಾಯಿಗೆ ಕೈ ಹಾಕಿದರು.

ಅಲ್ಲಿಂದ ಮುಂದೆ ನಡೆದದ್ದಕ್ಕೆ ನಾನು ಜವಾಬ್ದಾರಳಲ್ಲ, ನನ್ನ ಮೈ ಜವಾಬ್ದಾರಿ. ಎದೆಯ ಹತ್ತಿರದ ಕಾಯಿಯಾಕಾರದ ವಸ್ತುವಿಗೆ ಯಾರಾದರೂ ಕೈ ಹಾಕಿದರೆ ಏನು ಮಾಡಬೇಕೆಂದು ಕೋಚ್ ಸೌಮ್ಯಾ ಅದಕ್ಕೆ ಅರೆದು ಕುಡಿಸಿದ್ದರಲ್ಲ! ತಟ್ಟೆ ಬಿಟ್ಟೆ. ಕಾಯಿ ಕಂಕುಳ ಸೇರಿತು. ಹೆಗಲು ಬಗ್ಗಿತು. ಒಂದು ಸುತ್ತು ತಿರುಗಿ ಓಡಿದೆ! ಗಾಳಿಯನ್ನು ಹಿಡಿದ ಗಂಗಹನುಮಕ್ಕ ಹೋಗಿ ಕೊಬ್ಬರಿ ಮಿಠಾಯಿ ತಟ್ಟೆಯ ಮೇಲೆ ಪ್ರತಿಷ್ಠಾಪಿತರಾದರು. ಅಕ್ಕಿ ಮಳೆಯಂತೆ ಸುರಿಯಿತು. ಫೋಟೋಗ್ರಾಫರ್ ಮನುವನ್ನು ಎಡಕ್ಕೆ ತಪ್ಪಿಸಿ, ಪುರೋಹಿತರನ್ನು ಬಲಕ್ಕೆ ತಪ್ಪಿಸಿ, ಬಲೂನಿನ ಕಮಾನನ್ನು ತಪ್ಪಿಸಲಾಗದೆ ಸೀಳಿಕೊಂಡು ನುಗ್ಗಿದೆ. ಢಂ! ಢಂ! ಢಂ! ಅಷ್ಟರಲ್ಲಿ ಸಾಕ್ಸು ತನ್ನ ಹಗೆ ತೀರಿಸಿಕೊಂಡಿತು. ಎರಡೂ ಕಾಲು ಆಕಾಶ ನೋಡಿದವು. ಬಿಂದುವಿನ ಕುರ್ಚಿಯ ಮುಂದೆ ಅಂಗಾತ ಬಿದ್ದೆ.

ವಾದ್ಯ ನಿಂತಿತು. ಬಿಂದುವಿನ ಮುಖ ಬಿಳಿಚಿಕೊಂಡಿತು, ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು. ಅದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಇಷ್ಟು ದಿನ ಜನ ನನ್ನ ಬೆನ್ನ ಹಿಂದೆ ಆಡುತ್ತಿದ್ದದ್ದನ್ನು ನಾನೇ ಎದುರಿಗೆ ನಿಜ ಮಾಡಿಬಿಟ್ಟೆನೇನೋ ಎನಿಸಿತು.

"ಅಪಶಕುನ!" ಮಿಠಾಯಿಯಿಂದಲೇ ಗಂಗಹನುಮಕ್ಕ ಕಿರುಚಿದರು. "ಬಂಜೆ ಕೈಗೆ ಕೊಡಬ್ಯಾಡಿ ಅಂತ ಬಾಯ್ ಬಡ್ಕಂಡೆ! ಕಾಯಿ ಬಿತ್ತು!"

ಅಷ್ಟೊತ್ತೂ ಮೂಲೆಯಲ್ಲಿದ್ದ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ಬಂದರು. "ಯಾವ ಕಾಯಿ ಬಿತ್ತು?"

ಅವರೇ ಫೋಟೋಗ್ರಾಫರ್ ಕಡೆ ತಿರುಗಿದರು.

"ಲೋ ಮನು, ವಿಡಿಯೋ ಮಾಡಿದ್ಯಲ್ಲ, ನೋಡ್ ಹೇಳು. ಕಾಯಿ ನೆಲ ಮುಟ್ತಾ?"

ಮನು ಕ್ಯಾಮೆರಾ ಹಿಂದೆ ಓಡಿಸಿ, ಮುಂದೆ ಓಡಿಸಿ ನೋಡಿದ. "ಇಲ್ಲಮ್ಮ. ಅಕ್ಕ ಮಾತ್ರ ಮುಟ್ಟವ್ರೆ. ಕಾಯಿ ಎದೆ ಮೇಲೇ ಐತೆ."

ಹೌದು! ಕಾಯಿ ನನ್ನ ಎದೆಯ ಮೇಲೆ, ಎರಡೂ ಕೈಯೊಳಗೆ, ಜುಟ್ಟು ಸಮೇತ ಭದ್ರವಾಗಿತ್ತು.

"ಕೇಳಿಸ್ತಾ?" ಎಂದರು ಅತ್ತೆ. "ಬಿದ್ದಿದ್ದು ಕಾಯಲ್ಲ, ನಮ್ ಸೊಸೆ. ಅವ್ಳು ಆ ಮಾಕಳಿ ಬಯಲಾಗೆ ವಾರ ವಾರ ಬೀಳ್ತಾಳೆ, ವಾರ ವಾರ ಎದ್ ಬತ್ತಾಳೆ. ಬಿದ್ದು ಎದ್ದೇಳೋ ಕೈಯಿಂದ್ಲೇ ನನ್ ಮಗಳ ಮಡ್ಲು ತುಂಬ್ಲಿ. ಇನ್ನೊಂದ್ ಕಿತ ಆ ಪದ ಬಾಯಾಗ್ ಬಂದ್ರೆ ನೆಟ್ಟಗಿರಾಕಿಲ್ಲ."

ನಾನು ಮಲಗಿದಲ್ಲೇ ಕಲ್ಲಾದೆ. ಮಾಕಳಿ ಬಯಲು!

ಮನು ಮತ್ತೆ ಕ್ಯಾಮೆರಾ ಕಣ್ಣಿಗೇರಿಸಿದ. ಗಂಗಹನುಮಕ್ಕ ಎದ್ದು ಎಡಗಡೆಯಿಂದ ನುಗ್ಗಿದರು. ಅತ್ತೆ ಎಡಕ್ಕೆ ಸರಿದರು. ಬಲಗಡೆಗೆ ಬಂದರು. ಅತ್ತೆ ಬಲಕ್ಕೆ. ಮಂಡಿ ಸ್ವಲ್ಪ ಬಗ್ಗಿತ್ತು, ಎರಡೂ ಕೈ ಎದೆ ಮಟ್ಟದಲ್ಲಿದ್ದವು, ಕಣ್ಣು ಮಾತ್ರ ಆಕೆಯನ್ನು ಬಿಟ್ಟು ಅಲುಗಲಿಲ್ಲ. ಆಗ ಇನ್ನೊಂದು ಬದಿಗೆ ನೀಲಾಂಬಿಕಾ ಬಂದು ನಿಂತಳು. "ಬರ್ರಿ ದೊಡ್ಡವ್ವಾರ, ಸೀರಿಗೆಲ್ಲ ಮಿಠಾಯಿ ಹತ್ತೇತಿ, ತೊಳಕೊಳ್ಳೂಣು" ಎಂದು ಆಕೆಯನ್ನು ಬಚ್ಚಲ ಕಡೆಗೆ ಕರೆದೊಯ್ದಳು. ನೀಲಾಂಬಿಕಾ ಕರೆದೊಯ್ದರೆ ಯಾರಾದರೂ ಹೋಗಲೇಬೇಕು.

"ಓಗು ವನಜಾ" ಎಂದರು ಅತ್ತೆ, ಹಿಂದೆ ತಿರುಗದೆ. "ನಾನಿಲ್ಲಿ ನಿಂತಿವ್ನಿ."

ಎದ್ದೆ. ಕಾಯಿಯನ್ನು ಬಿಂದುವಿನ ಮಡಿಲಿಗಿಟ್ಟೆ. ಅವಳು ನನ್ನ ಕೈ ಬಿಡಲೇ ಇಲ್ಲ. ಅಳುತ್ತಾ ನಗುತ್ತಾ "ಅತ್ತಿಗೆ, ಕೆನ್ನೆ ಮೇಲೇನು ಕಪ್ಪು?" ಎಂದಳು.

"ದೃಷ್ಟಿ ಬೊಟ್ಟು ಕಣೇ" ಎಂದೆ.

ಮಧ್ಯಾಹ್ನ ಊಟವೆಲ್ಲ ಮುಗಿದ ಮೇಲೆ ಟೆರೇಸಿಗೆ ಹೋದರೆ ಅತ್ತೆ ನನ್ನ ಜರ್ಸಿ ಹಿಂಡುತ್ತಿದ್ದರು.

"ಅತ್ತೆ! ನಿಮಗೆ ಯಾವಾಗಿಂದ ಗೊತ್ತು?"

"ಮೊದಲ್ನೇ ವಾರದಿಂದ. ಡ್ರಮ್ಮಾಗೆ ಇಲಿ ಸತ್ತದೆ ಅಂದ್ಕಂಡ್ ಮುಚ್ಚಳ ತಗ್ದೆ. ಆಮ್ಯಾಕೆ ನೀಲಾಂಬಿಕಾನ ಕೇಳ್ದೆ. ಶಶಿಗೂ ನಾನೇ ಹೇಳ್ದೆ, ತೋಳು ಯಾಕ್ ನೀಲಿ ಅಂತ ಕೇಳ್ಬ್ಯಾಡ ಅಂದೆ. ನೆಂಟ್ರು ಕೇಳಿದ್ರೆ ದೇವಸ್ಥಾನಕ್ ಓಗವ್ಳೆ ಅಂದೆ."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನೀನು ನಗ್ತಾ ಬತ್ತಿದ್ದೆ ಕಣವ್ವ, ಭಾನುವಾರದ್ ದಿವ್ಸ. ಅದ್ಯಾಕ್ ಕೆಡಿಸ್ಬೇಕು ಅಂತ."

ನಾನು ಅವರ ಕೈಯಿಂದ ಜರ್ಸಿ ತೆಗೆದುಕೊಂಡು ತಂತಿಯ ಮೇಲೆ ಹರವಿದೆ. ಇಷ್ಟು ದಿನ ನನ್ನ ಓಟವೆಲ್ಲ ನನ್ನ ಕಾಲಿನದೆಂದು ತಿಳಿದಿದ್ದೆ. ಮನೆಯಲ್ಲೂ ಒಬ್ಬರು ಅಡ್ಡ ನಿಂತು ದಾರಿ ಬಿಡಿಸಿದ್ದು ಕಾಣಲೇ ಇಲ್ಲ. ಬಾಯಿಗೆ ಬಂದದ್ದು 'ಥ್ಯಾಂಕ್ಸ್ ಅತ್ತೆ' ಎಂಬ ಒಣ ಮಾತು. ಅವರು ಅದಕ್ಕೂ "ಸಾಕ್ಸು ಬಿಚ್ಚು ಮೊದ್ಲು" ಎಂದರು.

ಮುಂದಿನ ಭಾನುವಾರ ತಂಡದ ಮುಂದೆ ನನ್ನ ಮಾನ ಮರಳಿ ಗಳಿಸಲು ಇಡೀ ಕಥೆಯನ್ನು ಅಭಿನಯ ಸಮೇತ ಹೇಳಿದೆ. ಹೇಗೆ ತಿರುಗಿದೆ, ಹೇಗೆ ನುಗ್ಗಿದೆ, ಅಂಗಾತ ಬಿದ್ದರೂ ಕಾಯಿ ಹೇಗೆ ಬಿಡಲಿಲ್ಲ! ಬೇಕಾದರೆ ನೋಡಿ ಎಂದು ಮನು ಕಳಿಸಿದ ವಿಡಿಯೋವನ್ನೂ ತೋರಿಸಿದೆ. ಕೋಚ್ ಸೌಮ್ಯಾ ಕಣ್ಣು ಮಿಟುಕಿಸದೆ ನೋಡಿದರು. ಮತ್ತೆ ಹಿಂದೆ ಓಡಿಸಿ ನೋಡಿದರು. ಈಗ ಹೊಗಳುತ್ತಾರೆ ಎಂದು ನಾನು ಎದೆಯುಬ್ಬಿಸಿ ನಿಂತೆ.

"ವನಜಾ, ಕಾಯಿ ವಿಷಯ ಆಮೇಲೆ ಮಾತಾಡೋಣ" ಎಂದರು ಅವರು. "ನಿಮ್ಮತ್ತೆ ಭಾನುವಾರ ಫ್ರೀ ಇರ್ತಾರಾ?"